ಕೈಗೆಟುಕುವ ಒಳ್ಳೆ ಸಿಗಾರ್: ರುಚಿ ನೋಡೋದು, ಅಂಕ ಕೊಡೋದು – ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆ ತಾರಸಿಯ ಮೇಲೆ ತಿಂಗಳಿಗೆ ಎರಡು ಭಾನುವಾರ ನಾಲ್ಕು ಜನ ಸೇರುತ್ತೇವೆ. ಒಬ್ಬರು ಮಂಡ್ಯದಿಂದ ರೈಲಿನಲ್ಲಿ ಬರುತ್ತಾರೆ. ಎಲ್ಲರೂ ನಲವತ್ತು ದಾಟಿದವರು, ಸಂಬಳದಲ್ಲಿ ಮನೆ ನಡೆಸುವವರು. ದುಬಾರಿ ಸಿಗಾರ್ ನಮಗೆ ಆಗಿಬರುವುದಿಲ್ಲ. ಆದರೆ ಒಳ್ಳೆಯದು ಯಾವುದು, ಕೊಟ್ಟ ದುಡ್ಡಿಗೆ ಬೆಲೆ ಯಾವುದರಲ್ಲಿದೆ ಎಂದು ತಿಳಿದುಕೊಳ್ಳುವ ಆಸೆ ಜಾಸ್ತಿ. ವರ್ಷಗಳಿಂದ ನೋಟ್‌ಬುಕ್ ಬರೆಯುತ್ತಾ ಬಂದಿದ್ದೇವೆ. ಪರಿಚಯದವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಈಗಾಗಲೇ ಸೇದುವ ದೊಡ್ಡವರಿಗೆ ಮಾತ್ರ. ಸೇದದವರು ಇದನ್ನು ಓದಿ ಶುರು ಮಾಡುವುದು ಬೇಡ.

ಪ್ರೀಮಿಯಂ ಅಂದ್ರೆ ದುಬಾರಿ ಅಂತಲೇ ಅಲ್ವಾ?

ಅಲ್ಲ. ಕೈಯಲ್ಲಿ ಸುತ್ತಿದ್ದು, ಪೂರ್ತಿ ಹೊಗೆಸೊಪ್ಪಿನಿಂದಲೇ ಮಾಡಿದ್ದು, ಒಳಗೆ ಉದ್ದುದ್ದ ಎಲೆ ಇರುವುದು. ಇಷ್ಟಿದ್ದರೆ ಪ್ರೀಮಿಯಂ ಎನ್ನುತ್ತಾರೆ. ಸಿಗಾರಿನಲ್ಲಿ ಮೂರು ಪದರ ಇರುತ್ತದೆ. ಒಳಗಿನದು ಫಿಲ್ಲರ್, ಅದನ್ನು ಹಿಡಿದಿಡುವ ಎಲೆ ಬೈಂಡರ್, ಮೇಲಿನ ಚೆಂದದ ಎಲೆ ರ್‍ಯಾಪರ್. ಸಾಮಾನ್ಯವಾಗಿ ಜಾಸ್ತಿ ದುಡ್ಡು ಬೀಳುವುದು ರ್‍ಯಾಪರ್‌ಗೆ. ತೂತು, ಕಲೆ, ದಪ್ಪ ನರ ಇಲ್ಲದ ಎಲೆ ಬೇಕಲ್ಲ.

ಹಾಗಾಗಿ ಕಡಿಮೆ ಬೆಲೆಗೆ ಒಳ್ಳೆ ಸಿಗಾರ್ ಸಿಗುವುದಕ್ಕೂ ಕಾರಣ ಇದೆ. ರ್‍ಯಾಪರ್‌ನ ಬಣ್ಣ ಸ್ವಲ್ಪ ಅಲ್ಲಲ್ಲಿ ಬೇರೆಯಾಗಿದ್ದರೆ, ಮರದ ಪೆಟ್ಟಿಗೆ ಬಿಟ್ಟು ಕಟ್ಟು ಕಟ್ಟಿ ಮಾರಿದರೆ, ಎಲೆ ಕಡಿಮೆ ವರ್ಷ ಮಾಗಿದ್ದರೆ ಬೆಲೆ ಇಳಿಯುತ್ತದೆ. ಇನ್ನು ಕೆಲವು ಕೈಯಲ್ಲೇ ಸುತ್ತಿದರೂ ಒಳಗೆ ತುಂಡೆಲೆ ಇರುತ್ತದೆ. ಕ್ಯೂಬಾದ ಹೊಸೆ ಎಲ್ ಪಿಯೆದ್ರಾ, ಕಿಂತೆರೊ ಅಂಥವು. ಬೇಗ ಉರಿಯುತ್ತವೆ, ಬಾಯಿಗೆ ಪುಡಿ ಬರುತ್ತದೆ. ಆದರೂ ಅವುಗಳ ಮಣ್ಣಿನ ಗುಣ ಗೊತ್ತಾಗುತ್ತದೆ. ನಾನು ಅವನ್ನು ಕೀಳಾಗಿ ನೋಡುವುದಿಲ್ಲ.

ಹುಣಸೂರಿನಲ್ಲಿ ಇಷ್ಟೊಂದು ಹೊಗೆಸೊಪ್ಪು ಬೆಳೀತಾರೆ. ಅದರಲ್ಲೇ ಸಿಗಾರ್ ಮಾಡಬಾರದಾ?

ನನಗೆ ತುಂಬಾ ಇಷ್ಟದ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾ ತಂಬಾಕು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ನೇತು ಹಾಕುತ್ತಾರೆ. ಹೊರಗೆ ಸೌದೆ ಉರಿ, ಒಳಗೆ ಕೊಳವೆಯಲ್ಲಿ ಬಿಸಿ. ಒಂದು ವಾರದೊಳಗೆ ಎಲೆ ಹಳದಿಯಾಗಿ ಬೇಯುತ್ತದೆ. ಬೇಗ ಒಣಗುವುದರಿಂದ ಸಕ್ಕರೆ ಅಂಶ ಎಲೆಯಲ್ಲೇ ಉಳಿದುಬಿಡುತ್ತದೆ. ಅದು ಸಿಗರೇಟಿನ ಎಲೆ. ತಂಬಾಕು ಮಂಡಳಿಯ ಹರಾಜಿನಲ್ಲಿ ಹೋಗುವ ಬೇಲುಗಳು ಇವೇ.

ಸಿಗಾರ್ ಎಲೆಯ ದಾರಿಯೇ ಬೇರೆ. ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ಒಂದೂವರೆ ಎರಡು ತಿಂಗಳು ನೇತಾಡಿ ಕಂದಾಗುತ್ತದೆ. ಆಮೇಲೆ ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ತಿಪ್ಪೆ ಒಳಗೆ ಕೈ ಇಟ್ಟರೆ ಬಿಸಿ ತಾಗುತ್ತದಲ್ಲ, ಹಾಗೆ ರಾಶಿ ತಾನಾಗಿ ಬಿಸಿಯಾಗುತ್ತದೆ. ಬಿಸಿ ಮೀರುವ ಮೊದಲು ರಾಶಿ ಕೆಡವಿ, ಒಳಗಿನದನ್ನು ಹೊರಗೆ ಮಾಡಿ, ಮತ್ತೆ ಕಟ್ಟುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಅಮೋನಿಯಾ ವಾಸನೆ ಹೋಗುವುದು, ಕಟುತನ ಇಳಿಯುವುದು ಇದರಿಂದಲೇ. ಹಸಿ ಅಮೋನಿಯಾ ಮೂಗಿಗೆ ಹೊಡೆಯುವ ಸಿಗಾರ್ ಎಂದರೆ ಈ ಕೆಲಸ ಅವಸರದಲ್ಲಿ ಮುಗಿದಿದೆ ಎಂದು ಅರ್ಥ. ನಾನು ಅದಕ್ಕೆ ಅಂಕ ಕಡಿಯುತ್ತೇನೆ.

ನಮ್ಮ ನಾಡಿನ ಸಿಗಾರ್ ನೋಡಬೇಕೆಂದರೆ ತಮಿಳುನಾಡಿನ ತಿರುಚಿರಾಪಳ್ಳಿ ಕಡೆಯ ಸುರುಟು ಇದೆ. ಎರಡೂ ತುದಿ ಕತ್ತರಿಸಿದಂತೆ ಇರುತ್ತದೆ, ತುಂಬಾ ಕಡಕ್. ಅದನ್ನು ಅದರ ಸಾಲಿನಲ್ಲೇ ಅಳೆಯಬೇಕು.

ಯಾವುದರಿಂದ ಹೋಲಿಸಲು ಶುರು ಮಾಡಲಿ?

ಒಂದು ತಿಳಿ ಬಣ್ಣದ ಕನೆಟಿಕಟ್ ರ್‍ಯಾಪರ್, ಒಂದು ಕಡು ಬಣ್ಣದ ಮಡುರೊ. ಎರಡೂ ಒಂದೇ ಅಳತೆಯದ್ದಾಗಿರಲಿ. ಮಕಾನುಡೊ ಕೆಫೆ ಎಂಬ ಸಿಗಾರ್ ಕನೆಟಿಕಟ್‌ಗೆ ಒಳ್ಳೆ ಉದಾಹರಣೆ. ಓಲಿವಾ ಸೀರೀಸ್ ಜಿ ತಗೊಂಡರೆ ಕ್ಯಾಮರೂನ್ ರ್‍ಯಾಪರ್ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಕಡು ಬಣ್ಣ ಎಂದಾಕ್ಷಣ ಕಡಕ್ ಎಂದುಕೊಳ್ಳಬೇಡಿ. ಮಡುರೊ ಎಲೆ ಜಾಸ್ತಿ ಹದ ಆಗಿರುವುದರಿಂದ ಎಷ್ಟೋ ಸಲ ಸಿಹಿಯಾಗಿರುತ್ತದೆ. ಕಡಕ್ ಬರುವುದು ಮುಖ್ಯವಾಗಿ ಗಿಡದ ತುದಿಯ ಎಲೆಯಿಂದ. ಬಿಸಿಲು ಹೆಚ್ಚು ತಿಂದ ಆ ಎಲೆಗೆ ಲಿಗೆರೊ ಎನ್ನುತ್ತಾರೆ. ನಡುವಿನದು ಸೆಕೊ, ಬುಡದ್ದು ವೊಲಾಡೊ. ವೊಲಾಡೊದಲ್ಲಿ ರುಚಿ ಕಡಿಮೆ, ಉರಿ ಚೆನ್ನಾಗಿ ಹಿಡಿಯುತ್ತದೆ.

ಅಳತೆಯ ಲೆಕ್ಕ ಹೀಗೆ. ರೊಬುಸ್ಟೊ ಎಂದರೆ ಸುಮಾರು 5 ಇಂಚು ಉದ್ದ, 50 ರಿಂಗ್. ಒಂದು ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ. ಅಂದರೆ 50 ರಿಂಗ್ ಸಿಗಾರ್ ಇಪ್ಪತ್ತು ಮಿಲಿಮೀಟರಿಗೆ ಚೂರು ಕಡಿಮೆ ದಪ್ಪ. ಮುಗಿಯಲು ಮುಕ್ಕಾಲರಿಂದ ಒಂದು ಗಂಟೆ ಬೇಕು.

ಅಂಗಡಿಯಲ್ಲಿ ಏನು ನೋಡಿ ತಗೋಬೇಕು?

ಮೊದಲು ಅಂಗಡಿಯವರ ಪೆಟ್ಟಿಗೆಯಲ್ಲಿ ತೇವದ ಮೀಟರ್ ಇದೆಯಾ ನೋಡಿ. ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲಿ ತಿಂಗಳಾನುಗಟ್ಟಲೆ ಕೂತ ಸಿಗಾರ್ ಎಷ್ಟೇ ಅಗ್ಗ ಇದ್ದರೂ ಬೇಡ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಚೂರು ತಗ್ಗಿ ಮತ್ತೆ ಏಳಬೇಕು. ಚರಚರ ಸದ್ದು ಬಂದರೆ ಒಣಗಿದೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇದ್ದರೆ ಸುತ್ತಿದ್ದು ಸರಿಯಿಲ್ಲ. ಪ್ಯಾಕಿನ ಮೇಲೆ ಭಾರತದ ಆರೋಗ್ಯ ಎಚ್ಚರಿಕೆ ಚಿತ್ರ ಇರಲೇಬೇಕು. ಮುಂದೆ ಹಿಂದೆ ಎರಡೂ ಕಡೆ 85% ಜಾಗದಲ್ಲಿ ಅದು ಇರಬೇಕೆಂದು ನಿಯಮ. ಅದಿಲ್ಲದೆ ಸಿಗುವ ಪೆಟ್ಟಿಗೆ ಕಳ್ಳದಾರಿಯಲ್ಲಿ ಬಂದದ್ದಿರಬಹುದು, ನಕಲಿಯೂ ಇರಬಹುದು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ "ಕ್ಯೂಬಾದ ಕೊಹಿಬಾ" ಅಗ್ಗಕ್ಕೆ ಕೊಡುತ್ತೇವೆ ಎಂದರೆ ಸುಮ್ನೆ ಬಂದುಬಿಡಿ.

ಸಿಗಾರಿನ ಉಂಗುರ (ಬ್ರಾಂಡ್ ಹೆಸರಿನ ಕಾಗದದ ಪಟ್ಟಿ) ತೆಗೆದು ಯಾಕೆ ರುಚಿ ನೋಡ್ತೀರಿ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಶುರುವಿನಲ್ಲಿ ನಾವು ಉಂಗುರ ನೋಡಿಕೊಂಡೇ ಅಂಕ ಹಾಕುತ್ತಿದ್ದೆವು. ಒಂದು ಹೆಸರುವಾಸಿ ಸಿಗಾರಿಗೆ ನಾನು 91 ಕೊಟ್ಟೆ. ಎರಡು ತಿಂಗಳಾದ ಮೇಲೆ ಗೆಳೆಯರ ಹೆಂಡತಿ, ನಮ್ಮೆಲ್ಲರಿಗೂ ಅತ್ತಿಗೆ, ಐದು ಸಿಗಾರಿನ ಉಂಗುರ ತೆಗೆದು ಚೀಟಿ ಸುತ್ತಿ ಕೊಟ್ಟರು. ಮೂರನೇ ಚೀಟಿಯದ್ದಕ್ಕೆ ನಾನು 78 ಹಾಕಿದೆ. "ಒಣ ಹುಲ್ಲು, ಕೊನೆಯಲ್ಲಿ ಕಹಿ" ಎಂದು ಬರೆದೆ. ಚೀಟಿ ಬಿಚ್ಚಿದರೆ ಅದೇ ಪೆಟ್ಟಿಗೆಯ ಅದೇ ಸಿಗಾರ್! ಆ ಐದರಲ್ಲಿ ಜಾಸ್ತಿ ಅಂಕ ಗಿಟ್ಟಿಸಿದ್ದು ಅದರ ಅರ್ಧ ಬೆಲೆಗಿಂತ ಕಡಿಮೆಯ, ಕಟ್ಟಿನಲ್ಲಿ ಬರುವ ನಿಕರಾಗುವಾ ಸಿಗಾರ್. ಹಳೇ 91 ಅನ್ನು ನಾನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ "ಉಂಗುರಕ್ಕೆ ಕೊಟ್ಟದ್ದು" ಎಂದು ಬರೆದಿದ್ದೇನೆ.

ನೀವೂ ಹೀಗೆ ಮಾಡಿ. ಸೇದದ ಒಬ್ಬರ ಕೈಗೆ ಕೊಡಿ. ಅವರು ಉಂಗುರ ಬಿಚ್ಚಿ, ಕಾಗದದ ಪಟ್ಟಿಗೆ ನಂಬರ್ ಹಾಕಿ ಸುತ್ತಲಿ. ಯಾವ ನಂಬರಿಗೆ ಯಾವ ಸಿಗಾರ್ ಎಂದು ಅವರ ಹತ್ತಿರ ಮಾತ್ರ ಇರಲಿ. ಉಂಗುರದ ಅಂಟು ರ್‍ಯಾಪರ್‌ಗೆ ಹಿಡಿದಿದ್ದರೆ ಎಲೆ ಹರಿಯುತ್ತದೆ, ನಿಧಾನ. ಒಂದು ಸಂಜೆಗೆ ಒಂದೇ ಸಿಗಾರ್. ಎರಡನೆಯದಕ್ಕೆ ನಾಲಿಗೆ ಸುಸ್ತಾಗಿರುತ್ತದೆ, ಅದಕ್ಕೆ ಅನ್ಯಾಯ ಆಗುತ್ತದೆ.

ಹಚ್ಚೋದು, ಎಳೆಯೋದು ಹೇಗೆ?

ತಲೆಯ, ಅಂದರೆ ಬಾಯಿಗೆ ಇಡುವ ಕಡೆಯ, ತುದಿಯನ್ನು ಮಾತ್ರ ಎರಡು ಮಿಲಿಮೀಟರಿನಷ್ಟು ಕತ್ತರಿಸಿ. ಕೆಳಗೆ ಕತ್ತರಿಸಿದರೆ ರ್‍ಯಾಪರ್ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಹಾಗೇ ಎರಡು ಸಲ ಎಳೆದು ನೋಡಿ. ಇದಕ್ಕೆ ತಣ್ಣನೆ ಎಳೆತ ಎನ್ನುತ್ತೇವೆ. ಒಣದ್ರಾಕ್ಷಿ, ಕೊಟ್ಟಿಗೆ, ಕೋಕೋ, ಏನೋ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ಬರೆದಿಡಿ.

ಗ್ಯಾಸ್ ಲೈಟರ್ ಅಥವಾ ಉದ್ದ ಬೆಂಕಿಕಡ್ಡಿ ಸಾಕು. ಪೆಟ್ರೋಲ್ ಲೈಟರ್, ಮೇಣದಬತ್ತಿ ವಾಸನೆ ಹತ್ತಿಸುತ್ತವೆ. ಕಡ್ಡಿಯ ಗಂಧಕ ಉರಿದು ಹೋಗುವ ತನಕ ಕಾಯಿರಿ. ಬೆಂಕಿ ಎಲೆಗೆ ತಾಗಬಾರದು, ಹಪ್ಪಳ ಸುಡುವಾಗ ಇಟ್ಟಂತೆ ಚೂರು ಮೇಲೆ ಹಿಡಿದು ತಿರುಗಿಸಿ. ಆಮೇಲೆ ನಿಮಿಷಕ್ಕೆ ಒಂದು ದಮ್ಮು. ಅದಕ್ಕಿಂತ ಬೇಗ ಎಳೆದರೆ ಬಿಸಿಯಾಗಿ ಕಹಿಯಾಗುತ್ತದೆ, ಆ ತಪ್ಪು ಸಿಗಾರಿನದ್ದಲ್ಲ.

ಹೊಗೆ ಎದೆಗೆ ಎಳೆದುಕೋಬೇಕಾ?

ಬೇಡವೇ ಬೇಡ. ಬಾಯಲ್ಲಿ ಹಿಡಿದು ಬಿಡುವುದು ಅಷ್ಟೇ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಸುಣ್ಣ ಹಚ್ಚುತ್ತಾರಲ್ಲ, ಆ ಕ್ಷಾರಗುಣ ಸಿಗಾರ್ ಹೊಗೆಯಲ್ಲಿ ತಾನಾಗಿಯೇ ಇರುತ್ತದೆ. ಹಾಗಾಗಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತದೆ.

"ಲೆದರ್, ಸೀಡರ್" ಅಂತೆಲ್ಲಾ ಬರೀತಾರೆ. ನನಗೆ ಬರೀ ಹೊಗೆ ಅನಿಸುತ್ತೆ. ನನ್ನ ನಾಲಿಗೆಯಲ್ಲಿ ದೋಷ ಇದೆಯಾ?

ನಾಲಿಗೆ ಸರಿಯಾಗೇ ಇದೆ. ಪದ ಮಾತ್ರ ಬೇರೆಯವರದ್ದು. ಸೀಡರ್ ಮರ ನಾನು ನೋಡೇ ಇಲ್ಲ. ಆದರೆ ಪೆನ್ಸಿಲ್ ಕೆತ್ತಿದಾಗ ಬರುವ ವಾಸನೆ ಒಂದನೇ ಕ್ಲಾಸಿನಿಂದ ಗೊತ್ತು. ಸೀಡರ್ ಎಂದರೆ ಹೆಚ್ಚುಕಡಿಮೆ ಅದೇ. ಲೆದರ್ ಎಂದರೆ ಹೊಸ ಚಪ್ಪಲಿ ಅಂಗಡಿಯ ಬಾಗಿಲು. ಇದು ಹೊಳೆದ ದಿನದಿಂದ ನಮ್ಮ ನೋಟ್‌ಬುಕ್ಕಿನ ಭಾಷೆಯೇ ಬದಲಾಯಿತು. ಈಗ ನಾವು ಬರೆಯುವ ಪದಗಳು: ಹುರಿಗಡಲೆ, ಒಣ ಹುಲ್ಲಿನ ಮೆದೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಜಜ್ಜಿದ ಕರಿಮೆಣಸು, ಮೊದಲ ಮಳೆ ಬಿದ್ದ ಮಣ್ಣು, ಸೀದ ಹಾಲು, ಗಂಧದ ಚೆಕ್ಕೆ. ಮಂಡ್ಯದ ಗೆಳೆಯರು ಒಂದು ಮಡುರೊಗೆ "ಆಲೆಮನೆ ಕೊಪ್ಪರಿಗೆಯಲ್ಲಿ ಪಾಕ ಇಳಿಸೋಕೆ ಐದು ನಿಮಿಷ ಮುಂಚೆ" ಎಂದು ಬರೆದರು. ನಾವು ಮೂವರೂ ತಲೆಯಾಡಿಸಿದೆವು. ಅಷ್ಟು ಖಚಿತವಾಗಿ ಆ ಸಿಹಿಯನ್ನು ಬೇರೆ ಯಾವ ಪದವೂ ಹೇಳುತ್ತಿರಲಿಲ್ಲ.

ಮೂಗಿಗೆ ಅಭ್ಯಾಸ ಬೇಕೆಂದರೆ ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ಓಡಾಡಿ. ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮ, ಊದುಬತ್ತಿ. ಆಮೇಲೆ ಸಂತೇಪೇಟೆಯಲ್ಲಿ ಧನಿಯ, ಲವಂಗ, ಚಕ್ಕೆ ಮೂಟೆಗಳ ಹತ್ತಿರ ನಿಲ್ಲಿ. ಒಂದೊಂದಕ್ಕೂ ಹೆಸರು ಹೇಳಿಕೊಳ್ಳಿ. ಇನ್ನೊಂದು ಉಪಾಯ, ಬಾಯಲ್ಲಿರುವ ಹೊಗೆಯಲ್ಲಿ ಚೂರನ್ನು ಮೂಗಿನಿಂದ ಬಿಡುವುದು. ಎದೆಗೆ ಎಳೆಯದೆ ಬಿಡಬೇಕು. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ಇಡೀ ಸಿಗಾರಿಗೆ ಮೂರು ನಾಲ್ಕು ಸಲ ಸಾಕು. ಮೆಣಸು, ಹೂವು, ಮರ ಎಲ್ಲಾ ಬಿಡಿಬಿಡಿಯಾಗಿ ಕಾಣುವುದು ಆಗಲೇ.

ಅಂಕ ಹೇಗೆ ಹಂಚ್ತೀರಿ?

ನೂರಕ್ಕೆ. ನೋಟ ಮತ್ತು ಕಟ್ಟು (ಸುತ್ತಿದ ರೀತಿ) 10, ಎಳೆತ (ಹೊಗೆ ಸಲೀಸಾಗಿ ಬರುತ್ತದಾ) 20, ಉರಿ 15, ರುಚಿ 35, ಕೊನೆಯ ಮೂರನೇ ಭಾಗ 20. ಕೊನೆಯ ಭಾಗಕ್ಕೆ ಬೇರೆ ಅಂಕ ಇಟ್ಟದ್ದಕ್ಕೆ ನಮ್ಮಲ್ಲೇ ಜಗಳ ಆಗಿದೆ. ನಾನು ಬಿಟ್ಟುಕೊಡಲಿಲ್ಲ. ಅಗ್ಗದ ಸಿಗಾರ್ ಮೊದಲ ಇಪ್ಪತ್ತು ನಿಮಿಷ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಎಲೆ ಮಾಗಿದೆಯೋ ಇಲ್ಲವೋ ಎಂಬುದು ಬಯಲಾಗುವುದು ಕೊನೆಯಲ್ಲಿ, ಬಿಸಿ ಏರಿದಾಗ.

ಒಂದು ಪುಟ ಹೇಗಿರುತ್ತದೆ ಎಂದು ತೋರಿಸಲು:

"ಜನವರಿ, ಸಂಜೆ 5.20. ಚೀಟಿ 2. ಬಣ್ಣ ಹಳೇ ತೇಗ. ಒಂದು ದಪ್ಪ ನರ ಇದೆ. ತಣ್ಣನೆ ಎಳೆತ: ಒಣದ್ರಾಕ್ಷಿ. ಮೊದಲ ಭಾಗ: ಕರಿಮೆಣಸು ಜೋರು, ಹತ್ತು ನಿಮಿಷಕ್ಕೆ ಇಳೀತು. ಬೂದಿ ಬೂದುಬಿಳಿ, ಒಂದು ಇಂಚು ನಿಂತಿತು. ಎರಡನೇ ಭಾಗ: ಹುರಿಗಡಲೆ, ಕಾಫಿ ಚರಟ. ಉರಿ ಒಂದು ಕಡೆ ಓಡಿತು, ಒಂದು ಸಲ ಸರಿ ಮಾಡಿದೆ. ಕೊನೆ: ಸಿಹಿ ಹೋಯಿತು, ಕಹಿ ಬರಲಿಲ್ಲ. 8, 17, 10, 29, 15. ಒಟ್ಟು 79."

79 ಕೆಟ್ಟ ಅಂಕ ಅಲ್ಲ. ನಮ್ಮಲ್ಲಿ 75 ದಾಟಿದರೆ ಮತ್ತೆ ತಗೊಳ್ಳುವ ಸಿಗಾರ್. ಎಲ್ಲದಕ್ಕೂ 88ರ ಮೇಲೆ ಕೊಡುತ್ತಾ ಹೋದರೆ ಅಂಕಕ್ಕೆ ಅರ್ಥವೇ ಇರುವುದಿಲ್ಲ.

ಬೆಲೆಯನ್ನೂ ಅಂಕದಲ್ಲಿ ಸೇರಿಸ್ತೀರಾ?

ಇಲ್ಲ. ಮೊದಲು ಅಂಕ ಹಾಕಿ ಪೆನ್ನು ಕೆಳಗಿಡುತ್ತೇವೆ. ಆಮೇಲೆ ಚೀಟಿ ಬಿಚ್ಚಿ ಬೆಲೆ ಬರೆಯುತ್ತೇವೆ. ಅದರ ಪಕ್ಕ ಒಂದೇ ಸಾಲು: "ಇದೇ ದುಡ್ಡಿಗೆ ಮತ್ತೆ ತಗೋತೀನಾ?" ಹೌದು ಅಥವಾ ಇಲ್ಲ. ನನ್ನ ಮಟ್ಟಿಗೆ 90 ಬಂದ ಸಿಗಾರಿಗಿಂತ ಈ ಸಾಲಿನಲ್ಲಿ ಸೇದಿದ ಎಲ್ಲರೂ ಹೌದು ಎಂದ ಸಿಗಾರ್ ದೊಡ್ಡದು.

ಒಂದು ಸಲ ಸೇದಿ ಅಂಕ ಕೊಟ್ಟರೆ ಸಾಕಾ?

ಸಾಲದು. ಕೈಯಲ್ಲಿ ಸುತ್ತಿದ ವಸ್ತು, ಒಂದರಂತೆ ಇನ್ನೊಂದು ಇರುವುದಿಲ್ಲ. ಕನಿಷ್ಠ ಮೂರು, ಬೇರೆ ಬೇರೆ ವಾರ. ಎಳೆತ ಒಂದರಲ್ಲಿ ಕಟ್ಟಿಕೊಂಡಿದ್ದರೆ ದುರದೃಷ್ಟ ಎನ್ನಬಹುದು. ಮೂರರಲ್ಲಿ ಎರಡು ಕಟ್ಟಿಕೊಂಡರೆ ಅದು ಆ ಸಿಗಾರಿನ ಗುಣವೇ.

ಜೊತೆಗೆ ಏನು ಕುಡಿಯಬೇಕು?

ಅಂಕ ಹಾಕುವ ದಿನ ಬರೀ ನೀರು. ಚಿಕೋರಿ ಹಾಕಿದ ಫಿಲ್ಟರ್ ಕಾಫಿ ನಾಲಿಗೆಯ ಮೇಲೆ ಕೂತುಬಿಡುತ್ತದೆ, ಮೈಸೂರ್ ಪಾಕಿನ ತುಪ್ಪವೂ ಹಾಗೇ. ಅಂಕದ ಗೊಡವೆ ಇಲ್ಲದ ದಿನ ಹಾಲು ಹಾಕದ ಕಾಫಿ ಚೆನ್ನಾಗಿ ಹೊಂದುತ್ತದೆ.

ಅರ್ಧದಲ್ಲಿ ತಲೆ ತಿರುಗಿ ಬೆವರು ಬಂದರೆ?

ನಿಕೋಟಿನ್ ಜಾಸ್ತಿಯಾಗಿದೆ. ತಕ್ಷಣ ಕೆಳಗಿಡಿ, ಕೂತುಕೊಳ್ಳಿ, ನೀರು ಕುಡಿಯಿರಿ. ನಾವು ಒಂದು ತಟ್ಟೆಯಲ್ಲಿ ಮಂಡ್ಯದ ಅಚ್ಚು ಬೆಲ್ಲ ಒಡೆದು ಇಟ್ಟಿರುತ್ತೇವೆ. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಹಿತ ಅನಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಯಾವತ್ತೂ ಕೂರಬೇಡಿ. ವಾಂತಿ ನಿಲ್ಲದಿದ್ದರೆ, ಎದೆ ಹೊಡೆದುಕೊಂಡರೆ ಡಾಕ್ಟರ ಹತ್ತಿರ ಹೋಗಿ.

ಮೈಸೂರಿನ ಹವೆಯಲ್ಲಿ ಹೇಗೆ ಇಟ್ಟುಕೊಳ್ಳೋದು? ಮರದ ಪೆಟ್ಟಿಗೆ ಬೇಕೇ ಬೇಕಾ?

ಬೇಡ. ಗಾಳಿ ಆಡದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ ಸಾಕು. ತೊಳೆದು, ಒಂದು ವಾರ ಬಿಚ್ಚಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಬಳಸಿ. ಒಳಗೆ 65 ಅಥವಾ 69 ಎಂದು ಬರೆದ ತೇವದ ಪೊಟ್ಟಣ ಒಂದು, ಚಿಕ್ಕ ಮೀಟರ್ ಒಂದು. ಮೀಟರಿನಲ್ಲಿ ತೇವ 65ರಿಂದ 70%ರ ನಡುವೆ ನಿಂತರೆ ಸರಿ.

ಮೀಟರ್ ಸರಿ ಇದೆಯಾ ಎಂದು ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಮೀಟರ್ 4 ಕಡಿಮೆ ಹೇಳುತ್ತದೆ, ಯಾವಾಗಲೂ ಅಷ್ಟು ಸೇರಿಸಿಕೊಳ್ಳಿ.

ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಗಾಳಿ ಒಣಗುತ್ತದೆ, ಪೊಟ್ಟಣ ಬೇಗ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಉಲ್ಟಾ. ಒಂದು ಜುಲೈನಲ್ಲಿ ಡಬ್ಬದ ಮುಚ್ಚಳ ಸರಿಯಾಗಿ ಕೂರದೆ ನನ್ನ ಹನ್ನೊಂದು ಸಿಗಾರಿಗೆ ಬೂಷ್ಟು ಹಿಡಿಯಿತು. ಕಾಲಿನ ಕಡೆ (ಬೆಂಕಿ ಹಚ್ಚುವ ತುದಿ), ಎಲೆಯ ಮಡಿಕೆಯೊಳಗೆ, ಹತ್ತಿಯಂಥ ನಸುಹಸಿರು ಬಿಳಿ. ಕಾಲಿನೊಳಗೆ ಬೂಷ್ಟು ಹೋಗಿದ್ದರೆ ಎಸೆಯಿರಿ, ಒರೆಸಿ ಸೇದುವ ಸಾಹಸ ಬೇಡ.

ರ್‍ಯಾಪರ್‌ನಲ್ಲಿ ಸೂಜಿ ಚುಚ್ಚಿದಂಥ ತೂತು ಇದೆ. ಏನದು?

ಹುಳ. ಅಡುಗೆಮನೆಯಲ್ಲಿ ಅರಿಸಿನ, ಖಾರದಪುಡಿ ಡಬ್ಬದಲ್ಲಿ ಕಾಣುವ ಚಿಕ್ಕ ಕಂದು ಹುಳ ಇದೆಯಲ್ಲ, ಅದೇ. ಸೆಕೆ ಜಾಸ್ತಿಯಾದಾಗ ಎಲೆಯೊಳಗಿನ ಮೊಟ್ಟೆ ಒಡೆಯುತ್ತದೆ. ತೂತು ಬಿದ್ದದ್ದನ್ನು ಎಸೆದು, ಉಳಿದದ್ದನ್ನು ಎರಡು ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಫ್ರಿಜ್ಜಿನಲ್ಲಿ, ಮೂರು ನಾಲ್ಕು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿ ಇಡಿ. ನೇರವಾಗಿ ಹೊರಗೆ ತೆಗೆದರೆ ರ್‍ಯಾಪರ್ ಸೀಳುತ್ತದೆ.

ಸಿಗರೇಟಿಗಿಂತ ಸಿಗಾರ್ ವಾಸಿ ಅಂತಾರಲ್ಲ?

ಇಲ್ಲ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರೂ ಕಾರಣ. ಎದೆಗೆ ಎಳೆಯದಿದ್ದರೂ ಬಾಯಿ ಗಂಟಲಿಗೆ ಅಪಾಯ ತಪ್ಪುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ಆ ಹೊಗೆ ಹೋಗುತ್ತದೆ. ನಾವು ತಿಂಗಳಿಗೆ ಎರಡಕ್ಕೆ ನಿಲ್ಲಿಸಿರುವುದು, ತಾರಸಿಗೆ ಮಕ್ಕಳನ್ನು ಬಿಡದಿರುವುದು ಇದಕ್ಕೇ. ತಿಂಗಳಿಗೆ ಎರಡು ಎಂದರೂ ಅಪಾಯ ಸೊನ್ನೆ ಆಗುವುದಿಲ್ಲ. ನಮ್ಮಲ್ಲಿ ಒಬ್ಬರು ಬಾಯಲ್ಲಿ ಹುಣ್ಣು ಎರಡು ವಾರ ವಾಸಿಯಾಗದೆ ಡಾಕ್ಟರಿಗೆ ತೋರಿಸಿದರು. ಏನೂ ಇರಲಿಲ್ಲ, ಆದರೂ ಅವರು ಸೇದುವುದನ್ನು ಬಿಟ್ಟರು. ಈಗಲೂ ಭಾನುವಾರ ಬರುತ್ತಾರೆ, ತಣ್ಣನೆ ಎಳೆತದ ವಾಸನೆ ಮಾತ್ರ ನೋಡಿ ಬರೆಯುತ್ತಾರೆ. ಅವರ ಮೂಗು ನಮ್ಮೆಲ್ಲರಿಗಿಂತ ಚುರುಕಾಗಿದೆ.

ಎಲ್ಲಿ ಕೂತು ಸೇದಬಹುದು?

ಸಾರ್ವಜನಿಕ ಜಾಗದಲ್ಲಿ ಆಗದು. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಈ ನಿಯಮ ಇದೆ. ಕರ್ನಾಟಕದಲ್ಲಿ 2025ರ ತಿದ್ದುಪಡಿ ಬಂದ ಮೇಲೆ ದಂಡ 1000 ರೂಪಾಯಿಯವರೆಗೆ ಏರಿದೆ, 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಚಾಮುಂಡಿ ಬೆಟ್ಟ, ಕಾರಂಜಿ ಕೆರೆ, ಕೆ.ಆರ್.ಎಸ್. ದಂಡೆ ಬೇಡವೇ ಬೇಡ. ಬೇಸಿಗೆಯಲ್ಲಿ ಬೆಟ್ಟದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಸ್ವಂತ ತಾರಸಿ ಒಳ್ಳೆಯದು, ಅದೂ ಪಕ್ಕದ ಮನೆಯ ಕಿಟಕಿ ಯಾವ ಕಡೆ, ಗಾಳಿ ಯಾವ ಕಡೆ ಎಂದು ನೋಡಿಕೊಂಡು.

ನೆಂಟರು ವಿದೇಶದಿಂದ ಬರ್ತಾರೆ. ಎಷ್ಟು ತರಿಸಬಹುದು?

ಸುಂಕ ಇಲ್ಲದೆ ಒಬ್ಬರಿಗೆ 25 ಸಿಗಾರ್. ಅದರ ಜೊತೆ ಸಿಗರೇಟೂ ಪೂರ್ತಿ ಪಾಲು ತರಲು ಆಗುವುದಿಲ್ಲ, ಇದಿಲ್ಲವೆಂದರೆ ಅದು. ತಂದ ತಕ್ಷಣ ರುಚಿ ನೋಡಬೇಡಿ. ವಿಮಾನದಲ್ಲಿ ಒಣಗಿರುತ್ತದೆ, ಡಬ್ಬದಲ್ಲಿ ಎರಡು ಮೂರು ವಾರ ಸುಧಾರಿಸಿಕೊಳ್ಳಲಿ.

ಅರ್ಧ ಸೇದಿ ಉಳಿದದ್ದನ್ನು ನಾಳೆಗೆ ಇಡಬಹುದಾ?

ಬೇಡ. ಆರಿದ ಸಿಗಾರ್ ರಾತ್ರಿ ಕಳೆಯುವುದರೊಳಗೆ ಕಮಟು ಹಿಡಿಯುತ್ತದೆ, ಡಬ್ಬದಲ್ಲಿಟ್ಟರೆ ಉಳಿದವಕ್ಕೂ ಅದೇ ವಾಸನೆ. ಸಮಯ ಅರ್ಧ ಗಂಟೆ ಮಾತ್ರ ಇದ್ದರೆ ಚಿಕ್ಕ ಅಳತೆಯದ್ದು ತಗೊಳ್ಳಿ. ಮುಗಿದ ಮೇಲೆ ಸಿಗರೇಟಿನಂತೆ ಹೊಸಕಬೇಡಿ, ಗಬ್ಬು ವಾಸನೆ ಏಳುತ್ತದೆ. ಬೂದಿ ತಟ್ಟೆಯಲ್ಲಿ ಹಾಗೇ ಬಿಟ್ಟರೆ ಐದು ನಿಮಿಷಕ್ಕೆ ತಾನೇ ಆರುತ್ತದೆ. ಕೆಳಗಿಳಿಯುವ ಮೊದಲು ಅದರ ಮೇಲೆ ಒಂದು ಚೊಂಬು ನೀರು ಹುಯ್ಯಿರಿ.